ಸಪ್ಪೆ ಸಾರಿನ ಸಮಾಚಾರ: ಗೆಳೆಯನಿಗೊಂದು ಪತ್ರ

ಹದಿನಾಲ್ಕನೆಯ ಹಪ್ಪಳದ ಒಡೆಯನಾದ ಪ್ರಿಯ ಮಿತ್ರನಿಗೆ,

ಕಳೆದ ತಿಂಗಳು ನೀನು ಫೋನಿನಲ್ಲಿ ‘ಹೇಗಿದ್ದೀಯೋ’ ಎಂದು ಕೇಳಿದಾಗ ನಾನು ‘ಎಲ್ಲ ಸಪ್ಪೆ’ ಎಂದಿದ್ದೆ. ಅದನ್ನು ಮನಸ್ಸಿನ ವಿಷಯವೆಂದು ತಿಳಿದು ನೀನು ಅರ್ಧ ಗಂಟೆ ಸಮಾಧಾನ ಹೇಳಿದೆ. ನಾನು ಹೇಳಿದ್ದು ಸಾರಿನ ವಿಷಯ. ರಕ್ತದೊತ್ತಡ 160/100 ಮುಟ್ಟಿದೆಯೆಂದು ತಿಳಿಸಿದ ವೈದ್ಯರು, ದಿನಕ್ಕೆ 5 ಗ್ರಾಂ, ಅಂದರೆ ತಲೆ ಸವರಿದ ಒಂದು ಟೀ ಚಮಚಕ್ಕಿಂತ ಹೆಚ್ಚು ಉಪ್ಪು ತಿನ್ನಕೂಡದೆಂದರು; ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅಷ್ಟನ್ನೇ. ಅಂದು ಸಂಜೆ ನನ್ನವಳು ಚಮಚದಲ್ಲಿ ಉಪ್ಪು ತುಂಬಿ, ಚಾಕುವಿನ ಬೆನ್ನಿನಿಂದ ಮೇಲ್ಭಾಗವನ್ನು ಸವರಿ, ಸ್ಟೀಲ್ ತಟ್ಟೆಗೆ ಸುರುವಿ ನನ್ನೆದುರು ಇಟ್ಟಳು. ಬೆಳಗಿನ ದೋಸೆಯಿಂದ ರಾತ್ರಿಯ ಮಜ್ಜಿಗೆಯವರೆಗೆ ಎಲ್ಲವೂ ಆ ಗುಪ್ಪೆಯಲ್ಲೇ ಮುಗಿಯಬೇಕಿತ್ತು.

ಬಿಸ್ಕತ್ತಿನ ಪೊಟ್ಟಣದ ಹಿಂದಿನ ಸಣ್ಣಕ್ಷರವನ್ನೂ ಈಗ ಓದುತ್ತೇನೆ. ಅಲ್ಲಿ ಸೋಡಿಯಂ ಎಂದು ಬರೆದಿರುವುದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ಸಿಹಿಯೆಂದುಕೊಂಡು ತಿನ್ನುತ್ತಿದ್ದ ಬಿಸ್ಕತ್ತಿಗೂ ಲೆಕ್ಕವಿದೆ. ಆದರೆ ನನ್ನನ್ನು ನಿಜವಾಗಿ ಸೋಲಿಸಿದ್ದು ಅಪ್ಪೆಹುಳಿ, ಹುಳಿಮಾವಿನ ಕಾಯಿಯ ನಮ್ಮ ಕಡೆಯ ತಿಳಿಸಾರು. ಉಪ್ಪು ತಗ್ಗಿದ ಅಪ್ಪೆಹುಳಿ ಬರಿಯ ಹುಳಿನೀರು. ಇಂಗು, ಸಾಸಿವೆಯ ಒಗ್ಗರಣೆಯೂ ಅದನ್ನು ಮೇಲೆತ್ತಲಾರದು.

ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರದಿಂದ ಬಂದ, ಕೊಂಚ ಮಣ್ಣುಬಣ್ಣದ ಹರಳುಪ್ಪು ನಮ್ಮ ಅಜ್ಜಿಯ ಮರಿಗೆಯಲ್ಲಿ ಸದಾ ಒದ್ದೆಯಾಗಿ ಕೂತಿರುತ್ತಿದ್ದುದು ನಿನಗೆ ನೆನಪಿರಬೇಕು. ಅಘನಾಶಿನಿ ನದಿಯ ಉಬ್ಬರದ ನೀರನ್ನು ಗದ್ದೆಗಳಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ ತೆಗೆದ ಆ ಉಪ್ಪನ್ನು ಅಜ್ಜಿ ಯಾರ ಕೈಗೂ ನೇರವಾಗಿ ಕೊಡುತ್ತಿರಲಿಲ್ಲ. ಜಗಳವಾಗುತ್ತದೆಂದು ನೆಲದ ಮೇಲಿಟ್ಟು, ತೆಗೆದುಕೊಳ್ಳಲು ಹೇಳುತ್ತಿದ್ದಳು.

ನಮ್ಮ ಮನೆಯಲ್ಲಿ ಆ ಜಾಗರೂಕತೆ ಉಳಿಯಲಿಲ್ಲ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ನನ್ನವಳ ಅಡುಗೆಯ ಬಗ್ಗೆ ನಾನು ಆಡಿದ ಮಾತುಗಳನ್ನು ಮೊನ್ನೆ ನೆನಪಿಸಿಕೊಳ್ಳಹೋದರೆ, ‘ಉಪ್ಪು ಮುಂದಾಯಿತು’ ಮತ್ತು ‘ಉಪ್ಪು ಸಾಲದು’ ಎಂಬೆರಡರ ಹೊರತು ಮೂರನೆಯದು ಸಿಗಲಿಲ್ಲ. ಹದವಾಗಿದ್ದ ದಿನ ಪತ್ರಿಕೆ ಓದುತ್ತ ಉಂಡೆದ್ದಿದ್ದೇನೆ. ಹದವಾಗಿದ್ದ ದಿನಗಳೇ ಹೆಚ್ಚು ಕಣಯ್ಯಾ, ಸಾವಿರಾರು.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ, ಆದರೆ ಬರೆದೇಬಿಡುತ್ತೇನೆ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆಂದು ವೈದ್ಯರು ಹೇಳಿದ್ದರಿಂದ, ರಕ್ತದೊತ್ತಡದ ಗೊಡವೆಯೇ ಇಲ್ಲದ ಅವಳೂ ನನಗೆ ಜೊತೆಯಾಗಲೆಂದು ಅದೇ ಸಪ್ಪೆ ಸಾರನ್ನು ಉಣ್ಣುತ್ತಿದ್ದಾಳೆ. ನಾನೋ, ಕಚೇರಿಯ ಮೇಜಿನ ಖಾನೆಯಲ್ಲಿ ಉಪ್ಪಿನ ಡಬ್ಬಿ ಇಟ್ಟುಕೊಂಡಿದ್ದೇನೆ. 1930ರಲ್ಲಿ ಅಂಕೋಲೆಯ ಜನ ಹಾಡಹಗಲೇ ಕಾನೂನು ಮುರಿದು ಉಪ್ಪು ತಯಾರಿಸಿದ ಉತ್ತರ ಕನ್ನಡ ಜಿಲ್ಲೆಯವನು ನಾನು. ಬುತ್ತಿಯ ಮುಚ್ಚಳವನ್ನು ಮರೆಮಾಡಿಕೊಂಡು ಉಪ್ಪು ಉದುರಿಸಿಕೊಳ್ಳುತ್ತೇನೆ. ಹಿಂದಿನ ಗುರುವಾರ ಒಂದು ಚಿಟಿಕೆಯನ್ನು ಕಾಗದದಲ್ಲಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟು ಮರೆತುಬಿಟ್ಟೆ. ಬಟ್ಟೆ ಒಗೆಯಲು ಹಾಕುವಾಗ ಅದು ಅವಳಿಗೆ ಸಿಕ್ಕಿತು. ರಾತ್ರಿ ಊಟಕ್ಕೆ ಕೂತಾಗ, ಎಲೆಯ ತುದಿಗೆ ಮೊದಲು ಉಪ್ಪು ಬಡಿಸುವ ಕ್ರಮದಲ್ಲೇ, ಮಡಿಕೆ ಬಿಚ್ಚದ ಆ ಪೊಟ್ಟಣ ನನ್ನ ತಟ್ಟೆಯ ಪಕ್ಕದಲ್ಲಿತ್ತು. ಅವಳು ಏನೂ ಹೇಳಲಿಲ್ಲ. ನಾನೂ ಅದನ್ನು ಮುಟ್ಟಲಿಲ್ಲ.

ಏನಾದರೂ ಒಳ್ಳೆಯ ಮಾತು ಆಡಲೇಬೇಕೆನ್ನಿಸಿ, ಎರಡು ತುತ್ತು ಉಂಡು, ‘ಇವತ್ತು ಉಪ್ಪು ಸರಿಯಾಗಿದೆ’ ಎಂದೆ.

‘ಇವತ್ತು ಹಾಕುವುದೇ ಮರೆತುಹೋಯಿತು’ ಎಂದಳು.

ಈ ಪತ್ರವನ್ನು ಅವಳೂ ಓದುತ್ತಾಳೆ. ಆದ್ದರಿಂದ ಕಚೇರಿಯ ಡಬ್ಬಿಯನ್ನು ಇಂದೇ ಖಾಲಿ ಮಾಡಿದ್ದೇನೆಂದು ಎಲ್ಲರೆದುರು ಪ್ರಕಟಿಸುತ್ತಿದ್ದೇನೆ. ಎಲ್ಲಿಗೆ ಖಾಲಿ ಮಾಡಿದೆಯೆಂದು ನೀನು ಕೇಳಬಾರದು. ಹಬ್ಬಕ್ಕೆ ಬರುವಾಗ ಹಪ್ಪಳ ತರಬೇಡ. ತಂದರೂ ಹದಿಮೂರೇ ತಾ.

ನಿನ್ನ,
ಸಪ್ಪೆರಾಯ