ಮಗಳಿಗೊಂದು ಪತ್ರ: ಕರಡಿಗಳಿರುವ ಕಾಡಿಗೆ ಹೊರಡುವ ಮುನ್ನ

ಕಮಲಾಪುರ

ಚಿ. ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಸೆಪ್ಟೆಂಬರಿನಲ್ಲಿ ಗೆಳತಿಯರೊಡನೆ ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಚಾರಣ ಮಾಡಿ, ರಾತ್ರಿ ಡೇರೆಯಲ್ಲೇ ತಂಗುವಿರೆಂದು ತಿಳಿದು ನಿನ್ನ ಅಮ್ಮ ಗಾಬರಿಯಾಗಿದ್ದಾಳೆ. ಹೋಗಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆ ರಾಷ್ಟ್ರೀಯ ಉದ್ಯಾನದವರು ಹೊರಡಿಸಿರುವ ಸೂಚನೆಗಳನ್ನೆಲ್ಲ ಓದಿದ ಮೇಲೆ ಕೆಲವನ್ನು ಬರೆಯದೆ ಇರಲಾರೆ.

ದರೋಜಿ ಕರಡಿಧಾಮದ ಮಗ್ಗುಲಲ್ಲೇ ಬೆಳೆದ ನಿನಗೆ ಕರಡಿ ಹೊಸದಲ್ಲ. ಹುತ್ತದೊಳಗೆ ಮೂತಿಯಿಟ್ಟು ಗೆದ್ದಲು ಹೀರುತ್ತಿರುವ ಕರಡಿಗೆ ಮನುಷ್ಯ ಬಂದದ್ದು ತೀರ ಹತ್ತಿರವಾದ ಮೇಲೆ ತಿಳಿದರೆ ಅದು ಓಡುವುದಕ್ಕಿಂತ ಮೇಲೆ ಬೀಳುವುದೇ ಹೆಚ್ಚು. ಕತ್ತಲಲ್ಲಿ ಹೊಲಕ್ಕೆ ಹೋಗುವವರು ಗಟ್ಟಿಯಾಗಿ ಮಾತಾಡುತ್ತ, ಕೋಲು ಬಡಿಯುತ್ತ ನಡೆಯುವುದು ಅದಕ್ಕಾಗಿಯೇ. ಅಲ್ಲಿಯ ದೊಡ್ಡ ಕಂದು ಕರಡಿಯಾದ ಗ್ರಿಜ್ಲಿಯ ವಿಷಯದಲ್ಲಿಯೂ ಮಾತು ಇದೇ. ಚಳಿಗಾಲದ ದೀರ್ಘ ನಿದ್ದೆಗೆ ಕೊಬ್ಬು ಕೂಡಿಸಿಕೊಳ್ಳುವ ಸೆಪ್ಟೆಂಬರಿನಲ್ಲಿ ಅದು ದಿನದ ಬಹುಪಾಲು ಹೊತ್ತು ಮೇಯುತ್ತಲೇ ಇರುತ್ತದೆ. ಆದುದರಿಂದ ಮೂವರಿಗಿಂತ ಕಡಿಮೆ ಜನ ಹೋಗಬೇಡಿ; ತಿರುವುಗಳಲ್ಲಿ, ಪೊದೆಗಳ ನಡುವೆ, ನೀರಿನ ಸದ್ದಿರುವ ಹಳ್ಳಗಳ ಬಳಿ ಕೂಗಿ ಚಪ್ಪಾಳೆ ತಟ್ಟಿ; ಕಿವಿಯಲ್ಲಿ ಹಾಡು ಕೇಳುವುದು ಊರಿಗೆ ಮರಳುವವರೆಗೆ ಬೇಡ.

ಕರಡಿಯಿಂದ ಕನಿಷ್ಠ 100 ಗಜ ದೂರವಿರಬೇಕೆಂಬುದು ಅಲ್ಲಿಯ ನಿಯಮ. ಅಕಸ್ಮಾತ್ ಎದುರಾದರೆ ಓಡಬೇಡ, ಏಕೆಂದರೆ ಓಟದಲ್ಲಿ ಅದನ್ನು ಮೀರಿಸುವ ಮನುಷ್ಯನಿಲ್ಲ. ಮೆಲ್ಲನೆ ಹಿಂದಕ್ಕೆ ಸರಿ. ಮೆಣಸಿನಕಾಯಿಯ ಖಾರ ತುಂಬಿದ ಬೇರ್ ಸ್ಪ್ರೇ ಚೀಲದ ತಳದಲ್ಲಿದ್ದರೆ ಇಲ್ಲದಂತೆಯೇ. ಅದು ಸೊಂಟದಲ್ಲಿರಲಿ, ಅದರ ಸುರಕ್ಷಾ ಕೊಂಡಿಯನ್ನು ತೆಗೆಯುವುದು ಕೈಗೆ ಮೊದಲೇ ರೂಢಿಯಾಗಿರಲಿ. ಕರಡಿ ನುಗ್ಗಿ ಬಂದು 60 ಅಡಿಯಷ್ಟು ಸಮೀಪಿಸಿದಾಗ ಅದರ ಮುಂದೆ ಖಾರದ ಮೋಡವೊಂದು ನಿಲ್ಲುವಂತೆ ಸ್ವಲ್ಪ ಕೆಳಮುಖವಾಗಿ ಸಿಂಪಡಿಸಬೇಕು. ಸೊಳ್ಳೆ ಔಷಧಿಯೆಂದು ತಿಳಿದು ಅದನ್ನು ಮೈಗೂ ಡೇರೆಗೂ ಬಳಿದುಕೊಂಡವರಿದ್ದಾರಂತೆ! ಇಷ್ಟೆಲ್ಲ ಮಾಡಿಯೂ ಬೆಚ್ಚಿದ ಗ್ರಿಜ್ಲಿ ಮೈಮೇಲೆ ಬಿದ್ದರೆ, ಬೆನ್ನಿನ ಚೀಲವನ್ನು ಕಳಚದೆ ಬೋರಲು ಮಲಗಿ, ಕೈಗಳಿಂದ ಕತ್ತಿನ ಹಿಂಭಾಗವನ್ನು ಮುಚ್ಚಿಕೊಂಡು ಅಲುಗಾಡದೆ ಇರಬೇಕು. ಆದರೆ ರಾತ್ರಿ ಡೇರೆಗೆ ನುಗ್ಗುವ ಕರಡಿಯ ಮುಂದೆ ಸತ್ತಂತೆ ಬಿದ್ದಿರಬಾರದು, ಕೈಗೆ ಸಿಕ್ಕಿದ್ದರಿಂದ ಹೋರಾಡಬೇಕು.

ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿಯನ್ನು ಡೇರೆಯೊಳಗೆ ಇಡಬೇಡ, ಟೂತ್‌ಪೇಸ್ಟನ್ನೂ ಇಡಬೇಡ. ಅಡುಗೆ, ಊಟ, ಆಹಾರದ ಚೀಲ ಎಲ್ಲವೂ ಮಲಗುವ ಜಾಗದಿಂದ 100 ಗಜ ದೂರದಲ್ಲಿರಲಿ. ಈ ಕಟ್ಟುನಿಟ್ಟು ಸುಮ್ಮನೆ ಬಂದುದಲ್ಲ. ಒಂದು ಕಾಲದಲ್ಲಿ ಅಲ್ಲಿ ಕಸದ ಗುಂಡಿಗಳಿಗೆ ಬರುವ ಕರಡಿಗಳನ್ನು ಪ್ರವಾಸಿಗರಿಗೆ ಪ್ರದರ್ಶಿಸುತ್ತಿದ್ದರು, ರಸ್ತೆ ಬದಿಯಲ್ಲಿ ಜನರೇ ತಿನ್ನಿಸುತ್ತಿದ್ದರು. 1931ರಿಂದ 1969ರವರೆಗೆ ವರ್ಷಕ್ಕೆ ಸರಾಸರಿ 48 ಮಂದಿ ಕರಡಿಗಳಿಂದ ಗಾಯಗೊಂಡರು. ಗುಂಡಿಗಳನ್ನು ಮುಚ್ಚಿ, ತಿನ್ನಿಸುವುದನ್ನು ತಡೆದ ಮೇಲೆ ಆ ಸಂಖ್ಯೆ ವರ್ಷಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ನಮ್ಮ ದರೋಜಿಯಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಕರಡಿ ತೋರಿಸುವ ಪದ್ಧತಿ ನನಗೆ ಅಷ್ಟಾಗಿ ಹಿಡಿಸದಿರುವುದೂ ಇದರಿಂದಲೇ. ರುಚಿ ಹತ್ತಿ ಮನುಷ್ಯರನ್ನು ಹುಡುಕಿಕೊಂಡು ಬರತೊಡಗಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ.

ಅಮ್ಮನಿಗೆ ಕರಡಿಯದೇ ಚಿಂತೆ, ನನಗೆ ಅಲ್ಲಿಯ ದೈತ್ಯ ಕಾಡುದನವಾದ ಬೈಸನ್‌ನದು. ಯೆಲ್ಲೋಸ್ಟೋನ್‌ನಲ್ಲಿ ಅತಿ ಹೆಚ್ಚು ಜನರನ್ನು ಗಾಯಗೊಳಿಸಿರುವ ಪ್ರಾಣಿ ಅದು. ದನದಂತೆ ತಲೆ ತಗ್ಗಿಸಿ ಮೇಯುವುದನ್ನು ಕಂಡು ಜನ ಫೋಟೊಗಾಗಿ ಪಕ್ಕಕ್ಕೆ ಹೋಗುತ್ತಾರೆ. ಅದು ಬಾಲ ಎತ್ತಿತೆಂದರೆ ಹಾಯಲು ಸಿದ್ಧವಾಗಿದೆಯೆಂದು ತಿಳಿ. ಅದರಿಂದಲೂ, ಬೆದೆಯ ಕಾಲದಲ್ಲಿ ಕೆರಳಿರುವ ಎಲ್ಕ್ ಎಂಬ ದೊಡ್ಡ ಜಿಂಕೆಯ ಗಂಡುಗಳಿಂದಲೂ ನಿಯಮದ ಪ್ರಕಾರ 25 ಗಜ ಸಾಕು, ನೀನು 50 ಇಟ್ಟುಕೋ. ಬೈಸನ್ ದಾರಿಯಲ್ಲೇ ನಿಂತಿದ್ದರೆ ಕಾಯಿರಿ, ಇಲ್ಲವೇ ಸುತ್ತಿ ಹೋಗಿರಿ, ಹೊತ್ತಾಯಿತೆಂದರೆ ಹಿಂದಿರುಗಿರಿ.

ಸ್ಪ್ರೇ ಡಬ್ಬಿಯನ್ನು ವಿಮಾನದಲ್ಲಿ ಕೈಚೀಲದಲ್ಲಾಗಲಿ ಲಗೇಜಿನಲ್ಲಾಗಲಿ ಬಿಡುವುದಿಲ್ಲ; ಅಲ್ಲಿಯೇ ಕೊಂಡು, ಬರುವಾಗ ಅಲ್ಲಿಯೇ ಒಪ್ಪಿಸಿ ಬನ್ನಿ. ಹೊರಡುವ ಮುನ್ನ ನಿಮ್ಮ ದಾರಿಯ ವಿವರವನ್ನೂ ಮರಳುವ ದಿನಾಂಕವನ್ನೂ ನನಗೆ ಕಳಿಸು.

ಇಂತಿ ನಿನ್ನ ಪ್ರೀತಿಯ,
ಅಪ್ಪ