642ರಲ್ಲಿ ಒಂದು ಕೈ ನನ್ನದು

ಸಂಪಾದಕರೇ,

ನಮ್ಮ ಎರಡನೇ ಕ್ರಾಸ್ ಕಲ್ಯಾಣ ಮಂಟಪದಲ್ಲಿ ಭಾನುವಾರ ನಡೆದ ಟಿಕೆಟ್ ಆಕಾಂಕ್ಷಿಗಳ ‘ಅಭಿಪ್ರಾಯ ಸಂಗ್ರಹ’ದ ವರದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಒಬ್ಬರ ಪರ 642 ಕೈ ಎದ್ದವಂತೆ. ಕಾರ್ಯಕರ್ತರ ಉತ್ಸಾಹ ಮುಗಿಲು ಮುಟ್ಟಿತ್ತಂತೆ. ಆ 642ರಲ್ಲಿ ಒಂದು ಕೈ ನನ್ನದು. ನಾನು ಯಾವ ಪಕ್ಷದ ಸದಸ್ಯನೂ ಅಲ್ಲ.

ಆಗಿದ್ದಿಷ್ಟು. ಬೆಳಿಗ್ಗೆ ಏಳೂವರೆಗೇ ನಮ್ಮ ಗೇಟಿಗೆ ಅಡ್ಡವಾಗಿ ಒಂದು ಟ್ರ್ಯಾಕ್ಸ್ ಬಂದು ನಿಂತಿತು. ಅದರ ಹಿಂದೆ ಇನ್ನೆರಡು, ಮೂಲೆಯಲ್ಲಿ ಒಂದು ಶಾಲೆ ಬಸ್ಸು. (ಭಾನುವಾರ ಶಾಲೆ ಬಸ್ಸಿಗೆ ಏನು ಕೆಲಸ ಅಂತ ಕೇಳಬೇಡಿ.) ಹತ್ತಕ್ಕೆ ಮನೆಯವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಊರಿಗೆ ಭಾನುವಾರ ಮಾತ್ರ ಬರುವ ಡಾಕ್ಟರು, ಹದಿನೈದು ದಿನ ಮೊದಲೇ ಬರೆಸಿದ್ದ ಹೆಸರು. ಕಾರೂ ಒಳಗೆ, ನಾವೂ ಒಳಗೆ. ಡ್ರೈವರನ್ನು ಹುಡುಕುತ್ತಾ ಮಂಟಪದೊಳಗೆ ಹೋದೆ. ಆ ತುದಿಯಲ್ಲಿ ಖಾಕಿ ಅಂಗಿಯವನೊಬ್ಬ ಕಂಡ. ‘ಏನಪ್ಪಾ, ಗಾಡಿ ತೆಗಿ’ ಅಂತ ಕೈ ಎತ್ತಿ ಕೂಗಿದೆ. ಪಕ್ಕದಲ್ಲಿ ಎಣಿಸುತ್ತಾ ಬರುತ್ತಿದ್ದ ಹುಡುಗ ನನ್ನತ್ತ ಬೆರಳು ತೋರಿಸಿ ‘ಮುನ್ನೂರ ಹದಿನೇಳು’ ಅಂದ. ನಂದಲ್ಲಪ್ಪಾ ಅಂದೆ. ‘ಆಯ್ತು ಸಾರ್, ಕೈ ಇಳಿಸಿ’ ಅಂತ ಮುಂದಕ್ಕೆ ಹೋದ. ಖಾಕಿ ಅಂಗಿಯವನು ಅಡುಗೆಯವನಂತೆ.

ಆಮೇಲೆ ನಮ್ಮ ಮನೆ ನಲ್ಲಿಯಲ್ಲಿ ಕೈಕಾಲು ತೊಳೆಯಲು ಬಂದ ಹಿರಿಯರೊಬ್ಬರನ್ನು ಯಾರ ಕಡೆಯವರು ಅಂತ ಕೇಳಿದೆ. ‘ಹೆಸರು ಗೊತ್ತಿಲ್ಲ ಸ್ವಾಮಿ. ಮುಂದೆ ಕೂತವರು ಹಳದಿ ಟವೆಲ್ ಬೀಸಿದಾಗ ಕೈ ಎತ್ತಬೇಕು, ಅಷ್ಟೆ’ ಅಂದರು. ಪಾಪ, ಸುಳ್ಳು ಹೇಳಲಿಲ್ಲ. ಊಟ ಹಾಕಿಸಿದವರ ಹೆಸರನ್ನು ಊಟಕ್ಕೆ ಮೊದಲು ಕರೆದರು, ಆಗ ಮಂಟಪ ಭರ್ತಿ. ಉಳಿದ ಇಬ್ಬರ ಹೆಸರು ಕರೆದಿದ್ದು ಪಾಯಸ ಮುಗಿದು ಬಸ್ಸು ಹೊರಟ ಮೇಲೆ. ಖಾಲಿ ಕುರ್ಚಿಗಳು ಕೈ ಎತ್ತುತ್ತವಾ? ವೀಕ್ಷಕರು ಮಾತ್ರ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು.

ಇದು ನಮ್ಮ ಊರಿನ ರೋಗ ಮಾತ್ರ ಅಂತ ನಾನು ಹೇಳುತ್ತಿಲ್ಲ. 2011ರಲ್ಲಿ ನನ್ನ ಮಗಳು ಅಮೆರಿಕದ ಅಯೋವಾ ರಾಜ್ಯದ ಏಮ್ಸ್‌ನಲ್ಲಿ ಓದುತ್ತಿದ್ದಳು. ಅಲ್ಲಿ ರಿಪಬ್ಲಿಕನ್ ಪಕ್ಷದವರು ತಮ್ಮ ಅಧ್ಯಕ್ಷ ಸ್ಥಾನದ ಆಕಾಂಕ್ಷಿಗಳಿಗಾಗಿ ಇಂಥದ್ದೇ ಮತದ ಜಾತ್ರೆ ಮಾಡುತ್ತಿದ್ದರು. ಓಟು ಹಾಕಲು 30 ಡಾಲರ್ ಟಿಕೆಟ್, ಅದನ್ನು ಅಭ್ಯರ್ಥಿಗಳೇ ಕೊಂಡು ಹಂಚುವುದು. ಬಸ್ಸೂ ಅವರದ್ದೇ, ಡೇರೆಯೂ ಅವರದ್ದೇ, ಊಟವೂ ಅವರದ್ದೇ. ಡೇರೆ ಹಾಕುವ ಒಳ್ಳೆಯ ಜಾಗ ಹರಾಜಿಗೆ! ರಾನ್ ಪಾಲ್ 31,000 ಡಾಲರ್ ಕೊಟ್ಟು ಮೊದಲ ಜಾಗ ಹಿಡಿದರು. ಆದರೂ ಮಿಶೆಲ್ ಬಾಕ್‌ಮನ್ 4,823 ಓಟು ತಗೊಂಡು 152 ಓಟಿನಿಂದ ಗೆದ್ದರು. ಮೂರನೆಯವರಾದ ಟಿಮ್ ಪಾಲೆಂಟಿ ಮಾರನೇ ದಿನವೇ ಕಣ ಬಿಟ್ಟರು. ಐದು ತಿಂಗಳಾದ ಮೇಲೆ ಅದೇ ರಾಜ್ಯದಲ್ಲಿ ನಿಜವಾದ ಆಯ್ಕೆ ನಡೆದಾಗ ಬಾಕ್‌ಮನ್ ಆರನೇ ಸ್ಥಾನ! 2015ರಲ್ಲಿ ಪಕ್ಷವೇ ಆ ಜಾತ್ರೆ ನಿಲ್ಲಿಸಿತು. ಅವರಿಗೆ ನಾಚಿಕೆ ಆಯಿತೋ, ಬರುವವರು ಕಡಿಮೆ ಆದರೋ, ಅಂತೂ ನಿಲ್ಲಿಸಿದರು.

ನಮ್ಮಲ್ಲೂ 2014ರಲ್ಲಿ ಕಾಂಗ್ರೆಸ್ಸು ಬೆಂಗಳೂರು ಉತ್ತರ, ದಕ್ಷಿಣ ಕನ್ನಡದಲ್ಲಿ ಪಕ್ಷದೊಳಗೇ ಓಟು ಹಾಕಿಸಿ ಅಭ್ಯರ್ಥಿಯನ್ನು ಆರಿಸಿತ್ತು. ಎರಡೂ ಕಡೆ ಸೋತಿತು, ಅದು ಬೇರೆ ಮಾತು. 2023ರಲ್ಲಿ ಬಿಜೆಪಿ ತನ್ನ ಪದಾಧಿಕಾರಿಗಳಿಂದ ಚೀಟಿ ಹಾಕಿಸಿತು. ಅಲ್ಲಿ ಓಟು ಯಾರದ್ದು ಅನ್ನುವುದಾದರೂ ಗೊತ್ತಿತ್ತು. ಭಾನುವಾರ ಇಲ್ಲಿ ಪಟ್ಟಿ ಎಲ್ಲಿತ್ತು? ನನ್ನ ಹೆಸರನ್ನೂ ಕೇಳದೆ ಎಣಿಸಿದರಲ್ಲ!

ಸ್ಟೇಷನ್ನಿಗೆ ಫೋನ್ ಮಾಡಿದರೆ ‘ಖಾಸಗಿ ಮಂಟಪ, ನಮಗೆ ಬರಲ್ಲ’ ಅಂದರು. ರಸ್ತೆಯೂ ಖಾಸಗಿಯಾ? ಪಾಲಿಕೆಯವರು ‘ಸೋಮವಾರ ಬನ್ನಿ’ ಅಂದರು. ಸೋಮವಾರ ಅಂದರೆ ನೆನಪಾಯಿತು. ನೀರಿನ ಬಿಲ್ಲಿನಲ್ಲಿ ತೀರಿಹೋದ ನಮ್ಮ ತಂದೆಯ ಹೆಸರು ತೆಗೆಸಲು ಏಳು ಸೋಮವಾರ ಹೋಗಿದ್ದೇನೆ. ಇವತ್ತಿಗೂ ಬಿಲ್ಲು ಅವರ ಹೆಸರಿಗೇ ಬರುತ್ತಿದೆ. ಟ್ಯಾಂಕ್ ಪಕ್ಕದ ಬೀದಿದೀಪ ಹೋಗಿ ಯುಗಾದಿಗೆ ಒಂದು ವರ್ಷ. ಭಾನುವಾರ ಮಾತ್ರ ಬೆಳಗಾಗುವಷ್ಟರಲ್ಲಿ ಅದೇ ಕಂಬಕ್ಕೆ ಫ್ಲೆಕ್ಸ್ ಬಂದಿತ್ತು, ಜೊತೆಗೆ ದೀಪವೂ ಉರಿಯುತ್ತಿತ್ತು. ಸಂಜೆ ಫ್ಲೆಕ್ಸ್ ಉಳಿಯಿತು, ದೀಪ ಹೋಯಿತು.

ಪಕ್ಷದವರು ಸದಸ್ಯರ ಪಟ್ಟಿ ಹಿಡಿದು ಗುಟ್ಟಾಗಿ ಚೀಟಿ ಹಾಕಿಸಲಿ. ಇಲ್ಲವೇ ಈ ನಾಟಕವನ್ನೇ ಬಿಟ್ಟು, ಯಾರಿಗೆ ಕೊಡಬೇಕು ಅಂತಿದ್ದಾರೋ ಅವರಿಗೇ ಟಿಕೆಟ್ ಕೊಟ್ಟುಬಿಡಲಿ. ನೀವೂ ದಯವಿಟ್ಟು ಆ 642 ಅನ್ನುವುದನ್ನು 641 ಅಂತ ತಿದ್ದಿ. ಮನೆಯವರಿಗೆ ಡಾಕ್ಟರ ಹತ್ತಿರ ಮತ್ತೆ ಹೆಸರು ಸಿಕ್ಕಿರುವುದು ಮುಂದಿನ ಭಾನುವಾರಕ್ಕೆ. ಅವತ್ತು ಮಂಟಪದಲ್ಲಿ ಇನ್ನೊಂದು ಪಕ್ಷದ ಸಭೆಯಂತೆ. ಅವರಾದರೂ ಗೇಟು ಬಿಟ್ಟು ಗಾಡಿ ನಿಲ್ಲಿಸಲಿ. ಈ ಪಕ್ಷದವರ ಎಂಜಲೆಲೆ ಮೂರು ದಿನದಿಂದ ನಮ್ಮ ಕಾಂಪೌಂಡ್ ಪಕ್ಕದಲ್ಲೇ ಬಿದ್ದಿದೆ. 642 ಜನರಲ್ಲಿ ಅದನ್ನು ಎತ್ತಲು ಒಬ್ಬನ ಕೈಯೂ ಏಳಲಿಲ್ಲವಲ್ಲ!

— ನಿವೃತ್ತ ಬ್ಯಾಂಕ್ ನೌಕರ, ಎರಡನೇ ಕ್ರಾಸ್