ಡಬಲ್ಸ್ ಬಗ್ಗೆ, ನಿನಗೆ

ಪುಟ್ಟಿ,

ಫೋನಲ್ಲಿ ಈ ವಿಷಯ ಎತ್ತಿದರೆ ನೀನು "ಊಟ ಆಯ್ತಾ ಅಮ್ಮಾ" ಅಂತ ಮಾತು ಮರೆಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಬ್ಯಾಡ್ಮಿಂಟನ್‌ನಲ್ಲಿ ಸಿಂಗಲ್ಸ್ ಬಿಟ್ಟು ಡಬಲ್ಸ್ ಆಡು ಅಂತ ನಿಮ್ಮ ಕೋಚ್ ಹೇಳಿದ್ದನ್ನ ನೀನು ಹಿಂಬಡ್ತಿ ಅಂದುಕೊಂಡು ಕೂತಿದ್ದೀಯ. ನನಗೆ ಹಾಗನಿಸುತ್ತಿಲ್ಲ. ಪೂರ್ತಿ ಓದು, ಆಮೇಲೆ ಜಗಳ ಆಡುವಿಯಂತೆ.

ನಮ್ಮ ಮನೆಯಲ್ಲಿ ಬ್ಯಾಡ್ಮಿಂಟನ್ ಅಂದರೆ ಮೊದಲಿಂದ ಸಿಂಗಲ್ಸೇ. ತಾತನ ಪುರಾಣ ಶುರುವಾಗುವುದೇ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಿಂದ. ಮದುವೆ ಇಲ್ಲದ ದಿನ ಅಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಅನ್ನುವ ದೊಡ್ಡ ಟೂರ್ನಿ ಗೆದ್ದರು, ಅಲ್ಲಿಂದ ಸೈನಾ, ಸಿಂಧು. ನಿನ್ನ ರೂಮಿನ ಗೋಡೆ ಮೇಲೂ ಅವರೇ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ ಸೈನಾ ಗೆದ್ದ ಚಿನ್ನ ತಾತನಿಗೆ ಇವತ್ತಿಗೂ ಪಾಯಿಂಟ್ ಪಾಯಿಂಟಾಗಿ ನೆನಪಿದೆ. ಅದೇ ದಿನ ಜ್ವಾಲಾ ಗುಟ್ಟಾ, ಅಶ್ವಿನಿ ಪೊನ್ನಪ್ಪ ಮಹಿಳಾ ಡಬಲ್ಸ್ ಚಿನ್ನ ಗೆದ್ದರಲ್ಲ, ಅದು ನೆನಪಿಲ್ಲ! ಅಶ್ವಿನಿ ಹುಟ್ಟಿದ್ದು ನಮ್ಮ ಬೆಂಗಳೂರಲ್ಲೇ, ಮೂಲ ಕೊಡಗು. ಅವಳ ಒಂದು ಫೋಟೊ ನಮ್ಮ ಮನೆಯಲ್ಲಿಲ್ಲ.

ಅವಳ ಲೆಕ್ಕ ಸ್ವಲ್ಪ ನೋಡು. ಮರುವರ್ಷ, 2011ರಲ್ಲಿ, ಲಂಡನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ ಜೋಡಿಗೆ ಕಂಚು. ಜ್ವಾಲಾ ಎಡಗೈ, ಅಶ್ವಿನಿ ಬಲಗೈ, ಹಿಂದಿನಿಂದ ಅಶ್ವಿನಿಯ ಸ್ಮ್ಯಾಶ್. 2012ರ ಒಲಿಂಪಿಕ್ಸ್‌ನಲ್ಲಿ ಗುಂಪಿನ ಮೂರು ಪಂದ್ಯದಲ್ಲಿ ಎರಡು ಗೆದ್ದರು, ಆದರೆ ಇನ್ನೆರಡು ಜೋಡಿಗಳೂ ಎರಡೆರಡು ಗೆದ್ದಿದ್ದವು. ಪಾಯಿಂಟ್‌ಗಳ ಅಂತರ ಲೆಕ್ಕ ಹಾಕಿದಾಗ ಒಂದೇ ಒಂದು ಪಾಯಿಂಟ್ ಕಡಿಮೆ ಬಿದ್ದು ಹೊರಗೆ ಬಂದರು. ಗೆದ್ದೂ ಮನೆಗೆ ಬರಬೇಕಾದಾಗ ಹೇಗಿರುತ್ತೆ ಅಂತ ನಾನು ಯೋಚಿಸಿದ್ದೇನೆ. ಹೋದ ತಿಂಗಳು ಕ್ವಾರ್ಟರ್ ಫೈನಲ್ ಸೋತು ಎರಡು ದಿನ ಬಾಗಿಲು ಹಾಕಿಕೊಂಡಿದ್ದೆಯಲ್ಲ, ಅದಕ್ಕೇ ಹೇಳಿದೆ.

ಅಲ್ಲಿಗೆ ಅವಳು ನಿಲ್ಲಲಿಲ್ಲ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಮಿಶ್ರ ತಂಡದ ಚಿನ್ನ, ಸಿಕ್ಕಿ ರೆಡ್ಡಿ ಜೊತೆ ಡಬಲ್ಸ್ ಕಂಚು. ಆಮೇಲೆ, ಹೆಚ್ಚಿನವರು ಕೋಚಿಂಗ್ ಹಿಡಿಯುವ ವಯಸ್ಸಲ್ಲಿ, ತನೀಶಾ ಕ್ರಾಸ್ತೊ ಜೊತೆ ಹೊಸದಾಗಿ ಶುರು. ಡಬಲ್ಸ್ ರ‍್ಯಾಂಕಿಂಗ್ ಜೋಡಿಗೆ ಸೇರಿದ್ದು, ಆಟಗಾರ್ತಿಗಲ್ಲ. ಜೊತೆಗಾತಿ ಬದಲಾದರೆ ಹಳೆಯ ಪಾಯಿಂಟ್ ಜೊತೆಗೆ ಬರುವುದಿಲ್ಲ, ಸಣ್ಣ ಟೂರ್ನಿಗಳಿಂದ ಮತ್ತೆ ಗುಡ್ಡೆ ಹಾಕಬೇಕು. 2023ರ ಕೊನೆಗೆ ಗುವಾಹಟಿ ಮಾಸ್ಟರ್ಸ್ ಗೆದ್ದರು, 2024ಕ್ಕೆ ಪ್ಯಾರಿಸ್ ಒಲಿಂಪಿಕ್ಸ್ ಟಿಕೆಟ್ ಸಿಕ್ಕಿತು. ಅಶ್ವಿನಿಗೆ 34, ತನೀಶಾಗೆ 21. ಪ್ಯಾರಿಸ್‌ನಲ್ಲಿ ಮೂರೂ ಪಂದ್ಯ ಸೋತರು, ಇದೇ ನನ್ನ ಕೊನೆಯ ಒಲಿಂಪಿಕ್ಸ್ ಅಂತ ಅಶ್ವಿನಿ ಅತ್ತಳು. ಸೋತಿದ್ದನ್ನ ನಾನು ಮುಚ್ಚಿಡುವುದಿಲ್ಲ. ಆದರೆ ಹದಿನಾಲ್ಕು ವರ್ಷದ ಅಂತರದಲ್ಲಿ ದೆಹಲಿಯ ಚಿನ್ನ, ಪ್ಯಾರಿಸ್‌ನ ಅಂಗಳ ಎರಡನ್ನೂ ಕಂಡ ಎಷ್ಟು ಜನ ಸಿಂಗಲ್ಸ್ ಹುಡುಗಿಯರನ್ನ ನೀನು ಹೆಸರಿಸಬಲ್ಲೆ?

ದುಡ್ಡಿನ ಮಾತು, ನಿಮ್ಮಪ್ಪ ಎತ್ತೇ ಎತ್ತುತ್ತಾರೆ. ವರ್ಲ್ಡ್ ಟೂರ್ ಅನ್ನುವ ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಗಂಡು ಹೆಣ್ಣಿಗೆ ಬಹುಮಾನ ಒಂದೇ, ಅದು ಒಳ್ಳೆಯದು. ಡಬಲ್ಸ್ ಗೆದ್ದ ಜೋಡಿಗೆ ಸಿಂಗಲ್ಸ್‌ಗಿಂತ ಚೂರು ಹೆಚ್ಚು ಕೊಡುತ್ತಾರೆ, ಆದರೆ ಅದನ್ನ ಇಬ್ಬರೂ ಹಂಚಿಕೊಳ್ಳಬೇಕು. ವಿಮಾನ, ಹೋಟೆಲ್ ಖರ್ಚು ಮಾತ್ರ ಹಂಚಿಹೋಗುವುದಿಲ್ಲ. 2023ರ ನವೆಂಬರ್‌ವರೆಗೂ ಟೂರ್ನಿಗಳಿಗೆ ಸ್ವಂತ ದುಡ್ಡು ಹಾಕಿಕೊಂಡೇ ಹೋಗಿದ್ದೆ ಅಂತ ಅಶ್ವಿನಿಯೇ ಹೇಳಿಕೊಂಡಳು, ವಿಶ್ವ ಪದಕ ಇದ್ದವಳು! ಹಾಗಾಗಿ ಬಿ.ಕಾಂ. ಬಿಡುವ ಮಾತು ಮನೆಯಲ್ಲಿ ಬರಬಾರದು. ಇದರಲ್ಲಿ ನಾನು ನಿಮ್ಮಪ್ಪನ ಪಕ್ಷ.

ಇನ್ನು ನಿನ್ನ ಆಟ. ಸ್ಟ್ಯಾಂಡಿನಲ್ಲಿ ಕೂತು ನೋಡುವವಳಿಗೆ ಕೆಲವು ಕಾಣುತ್ತವೆ. ನೆಟ್ ಹತ್ತಿರ ನಿನ್ನ ಕೈ ಎಷ್ಟು ಚುರುಕು ಅಂದರೆ ಎದುರಿನವಳು ರಾಕೆಟ್ ಎತ್ತುವ ಮೊದಲೇ ಶಟಲ್ ಕೆಳಗೆ. ಡ್ರೈವ್‌ಗಳ, ಅಂದರೆ ನೆಟ್ ಮೇಲೆ ನೇರವಾಗಿ ಹೋಗುವ ಹೊಡೆತಗಳ, ಹೊಡೆದಾಟದಲ್ಲಿ ನೀನು ಹಿಂದೆ ಸರಿದದ್ದು ನಾನು ನೋಡಿಲ್ಲ. ಆದರೆ ಸಿಂಗಲ್ಸ್‌ನಲ್ಲಿ ಮೂರನೇ ಗೇಮ್‌ಗೆ ಬಂದಾಗ ಹಿಂದಿನ ಮೂಲೆಯಿಂದ ಮುಂದಿನ ಮೂಲೆಗೆ ಓಡುವ ಹೊತ್ತಿಗೆ ಕಾಲು ಬಿದ್ದುಹೋಗುತ್ತವೆ. ಎರಡು ವರ್ಷದಿಂದ ಬೆಳಗಿನ ಓಟ ಎಷ್ಟೇ ಹೆಚ್ಚಿಸಿದರೂ ಅದು ಅಷ್ಟಕ್ಕಷ್ಟೇ. ಡಬಲ್ಸ್‌ನಲ್ಲಿ ಅಂಗಳ ಇಬ್ಬರಿಗೆ ಹಂಚಿಹೋಗುತ್ತೆ, ಕೋಚ್ ನೋಡಿದ್ದೂ ಇದನ್ನೇ ಇರಬೇಕು. ನಮ್ಮ ದೇಶದ ಟ್ರೀಸಾ, ಗಾಯತ್ರಿ ಜೋಡಿ 2022, 2023 ಎರಡೂ ಸಲ ಆಲ್ ಇಂಗ್ಲೆಂಡ್ ಸೆಮಿಫೈನಲ್ ಮುಟ್ಟಿದ್ದು ಡಬಲ್ಸ್‌ನಲ್ಲೇ ಅಲ್ಲವೇ?

ಕಷ್ಟ ಎಲ್ಲಿದೆ ಅಂದರೆ ಜೊತೆಗಾತಿಯಲ್ಲಿ. ಇದು ಒಂಥರಾ ಸಂಬಂಧ ಕುದುರಿಸಿದ ಹಾಗೇ, ಜಾತಕ ಚೆನ್ನಾಗಿದ್ದ ಮಾತ್ರಕ್ಕೆ ಆಗುವುದಿಲ್ಲ. ಜೊತೆಗಾತಿ ಸರ್ವ್ ನೆಟ್‌ಗೆ ಹೊಡೆದಾಗ ನೀನು ಮುಖ ಸಿಂಡರಿಸುತ್ತೀಯ, ವಿಡಿಯೊ ಇದೆ, ಬೇಕಾದರೆ ಕಳಿಸುತ್ತೇನೆ. ಸಿಂಗಲ್ಸ್‌ನಲ್ಲಿ ಆ ಮುಖ ನಿನ್ನ ಸ್ವಂತ ಆಸ್ತಿ, ಯಾರಿಗೂ ನಷ್ಟವಿಲ್ಲ. ಇಲ್ಲಿ ಅದು ಎದುರಾಳಿಗೆ ಸಿಗುವ ಪಾಯಿಂಟ್.

ಭಾನುವಾರದೊಳಗೆ ಕೋಚ್‌ಗೆ ಉತ್ತರ ನೀನೇ ಕೊಡಬೇಕು, ನಾನು ಫೋನ್ ಮಾಡುವುದಿಲ್ಲ. ಬೇಡ ಅನ್ನುವುದಾದರೆ ಕಾರಣ ಹೇಳು, "ಎಲ್ಲರೂ ನಗುತ್ತಾರೆ" ಅನ್ನುವುದನ್ನ ಬಿಟ್ಟು. ಗಟ್ಟಿಂಗ್‌ಗೆ (ತಂತಿ ಕಟ್ಟಿಸಲು) ಕೊಟ್ಟ ರಾಕೆಟ್ ನಾಳೆ ಬರುತ್ತೆ. ಇನ್ನೊಂದರ ತಂತಿಯ ಬಿಗಿ 25 ಪೌಂಡೋ 26 ಪೌಂಡೋ ಅಂತ ಅಂಗಡಿಯವರು ಕೇಳುತ್ತಿದ್ದಾರೆ, ಮೆಸೇಜ್ ಹಾಕು.

ಅಮ್ಮ